ಖಾಲಿ ವ್ಯಾನಿನ ಅಳತೆ

ನೆಸ್ಟಾ ಮೂರನೆಯ ಸಲ ಮಂಡಿಯೂರಿ ಟೈರಿನ ಮಗ್ಗುಲ ಮೇಲಿದ್ದ ಅಚ್ಚನ್ನು ಓದಿದಳು. ಮೂರನೆಯ ಸಲವೂ ಅಲ್ಲಿದ್ದದ್ದು ಎಂಬತ್ತೆಂಟೇ. ಅಳತೆಯ ಕೊನೆಯಲ್ಲಿ ಸಣ್ಣದಾಗಿ ಒತ್ತಿರುವ ಆ ಅಂಕಿಗೆ ಒಂದೇ ಅರ್ಥ: ಒಂದು ಟೈರು ಐನೂರ ಅರವತ್ತು ಕಿಲೋ ಹೊರಬಲ್ಲದು, ಹಿಂದಿನ ಎರಡು ಸೇರಿ ಸಾವಿರದ ನೂರಿಪ್ಪತ್ತು.

ಗಂಡ ಎಮ್ಲಿನ್ ಚಳಿಗಾಲ ಪೂರ್ತಿ ಶೆಡ್ಡಿನಲ್ಲೇ ಕಳೆದು ಎಪ್ಪತ್ನಾಲ್ಕನೇ ಇಸವಿಯ ಹಳೆಯ ಕ್ಯಾಂಪರ್ ವ್ಯಾನನ್ನು, ನೋಡಲು ಅಂದವೆಂದು, ನೆಲದತ್ತ ನಾಲ್ಕು ಇಂಚು ತಗ್ಗಿಸಿದ್ದ. ಆ ಅಂದಕ್ಕೆ ಒಪ್ಪುವಂತೆ ದಪ್ಪ ಗೋಡೆಯ ವ್ಯಾನ್ ಟೈರುಗಳನ್ನು ಬಿಚ್ಚಿ, ತೆಳು ಗೋಡೆಯ ಅಗಲ ಟೈರು ಹಾಕಿದ್ದ. ನಾಳೆ ಮೊಮ್ಮಕ್ಕಳಿಬ್ಬರನ್ನೂ ಮೂರು ದಿನದ ಸಾಮಾನನ್ನೂ ಹೇರಿಕೊಂಡು ಟೆನ್ಬಿಯ ಕಡಲತಡಿಗೆ ಹೊರಡಬೇಕು.

"ಎಮ್ಲಿನ್, ಇದು ಕಾರಿನ ಟೈರು."

"ವ್ಯಾನಿಗೆ ಹಾಕಿದ್ಮೇಲೆ ವ್ಯಾನಿಂದೇ ಅಲ್ವಾ?"

"ತಮಾಷೆ ಬೇಡ. ಇಂಜಿನ್ನೂ ಹಿಂದೆ, ಮಕ್ಕಳೂ ಹಿಂದೆ."

"ಬಾ, ಬೆರಳು ಹಾಕಿ ನೋಡು. ಮಡ್‌ಗಾರ್ಡಿಗೂ ಟೈರಿಗೂ ನಡುವೆ ಕರೆಕ್ಟಾಗಿ ಒಂದು ಬೆರಳು. ನಮ್ಮ ಹಳೇ ವ್ಯಾನ್ ಕ್ಲಬ್ಬಲ್ಲಿ ಎಲ್ರೂ ಹೀಗೇ ಅಳೆಯೋದು."

"ಯಾವಾಗ ಅಳೀತಾರೆ? ಫೋಟೋಗೆ ಅಂತ ಸಾಮಾನೆಲ್ಲ ಇಳಿಸಿ ನಿಲ್ಲಿಸಿದಾಗ!"

ಕಾಲೇಜಿನ ರಸಾಯನ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಮಿಲಿಗ್ರಾಂ ತೂಗಿದವಳು ಅವಳು. ಅಲ್ಲಿ ಅವಳ ಅಂಕಿಯನ್ನು ಪ್ರೊಫೆಸರುಗಳೂ ಪ್ರಶ್ನಿಸುತ್ತಿರಲಿಲ್ಲ. ಮನೆಯಲ್ಲಿ, ಟೈರಿನ ಅಂಕಿ ಮತ್ತು ಭಾರದ ಪಟ್ಟಿಯನ್ನು ಅವಳೇ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದ್ದರೆ, ಎಮ್ಲಿನ್ ಅದರ ಮೇಲೆಯೇ ಪಿಜ್ಜಾ ಅಂಗಡಿಯ ಚೀಟಿ ಅಂಟಿಸಿದ್ದ. ಕ್ಲಬ್ಬಿನ ಯಾರೋ ಒಬ್ಬ "ನನ್ನದಕ್ಕೆ ಏನೂ ಆಗಿಲ್ಲ" ಎಂದದ್ದು ಮಾತ್ರ ಅವನಿಗೆ ವೇದವಾಕ್ಯ.

ವಾದಿಸಿ ಸಾಕಾಗಿ ಅವಳು ಸಾಮಾನನ್ನೆಲ್ಲ ಅಂದೇ ಹೇರಿದಳು. ಡೇರೆ, ಗ್ಯಾಸ್, ಹಾಸಿಗೆ, ನೀರಿನ ತೊಟ್ಟಿ ಭರ್ತಿ, ಎಮ್ಲಿನ್‌ನ ಬಿಯರು. ಮಕ್ಕಳನ್ನು ಹಿಂದೆ ಕೂರಿಸಿ, "ನಡಿ, ಗ್ವಿಲಿಂ ಹತ್ರ ತೂಕ ಹಾಕ್ಸೋಣ" ಎಂದಳು. ಗ್ವಿಲಿಂ ಊರಾಚೆ ದನದ ಮೇವು ಮಾರುವವನು. ಲಾರಿ ತೂಗುವ ವೇಬ್ರಿಡ್ಜ್ ಅವನ ಅಂಗಳದಲ್ಲಿತ್ತು.

ದಾರಿಯಲ್ಲಿ ರಸ್ತೆಯುಬ್ಬು ದಾಟುವಾಗ ಹಿಂದಿನಿಂದ ಕರ್ರೆಂದು ರಬ್ಬರ್ ಉಜ್ಜಿದ ಸದ್ದು ಬಂತು. ಎಮ್ಲಿನ್ ರೇಡಿಯೋ ಜೋರು ಮಾಡಿದ.

"ಹಿಂದಿನ ಗಾಲಿ ಮಾತ್ರ ಮೇಲೆ ನಿಲ್ಸಪ್ಪಾ," ಗ್ವಿಲಿಂ ಕೂಗಿದ. "ಏನಿದು ಎಮ್ಲಿನ್, ವ್ಯಾನು ಹೊಟ್ಟೆ ಮೇಲೆ ತೆವಳ್ತಿದೆ?"

ಅಂಕಿ ಹೊಳೆಯಿತು. ಸಾವಿರದ ನೂರ ತೊಂಬತ್ತು.

"ಎಪ್ಪತ್ತು ಕಿಲೋ ತಾನೆ," ಎಂದ ಎಮ್ಲಿನ್. "ಟೈರು ಮಾಡೋರು ಒಂದಿಷ್ಟು ಸೇರಿಸೇ ಇಟ್ಟಿರ್ತಾರೆ."

"ಒಂದಿಷ್ಟು ಅಂದ್ರೆ ಎಷ್ಟು?"

"ಒಂದಿಷ್ಟು."

"ಕಿಲೋದಲ್ಲಿ ಹೇಳು!"

ಗ್ವಿಲಿಂ ಕೆಮ್ಮಿನೊಳಗೆ ನಗು ಅಡಗಿಸಿಕೊಂಡ. ಎಮ್ಲಿನ್ ಮುಖ ಕೆಂಪಗೆ ಮಾಡಿಕೊಂಡು ತೊಟ್ಟಿಯ ನೀರು ಚೆಲ್ಲಿದ. ಡೇರೆ ಇಳಿಸಿದ. ಬಹಳ ಯೋಚಿಸಿ ಬಿಯರನ್ನೂ ಇಳಿಸಿದ. ಸಾವಿರದ ನೂರಹದಿನೈದು.

"ನೋಡು, ಐದು ಕಿಲೋ ಉಳೀತು!"

"ಹೌದು. ನಿಂತಲ್ಲೇ ನಿಂತಿದ್ರೆ. ಗುಂಡಿಗೆ ಬಿದ್ರೆ? ನೀರಿಲ್ದೆ, ಡೇರೆ ಇಲ್ದೆ ಅಲ್ಲಿ ಹೋಗಿ ಮಾಡೋದೇನು? ಹಳೇ ಟೈರು ಎರಡು ವರ್ಷದ್ದು, ಶೆಡ್ಡಲ್ಲೇ ಇದೆ. ಹಾಕು."

"ಅದು ಎತ್ತರ, ಮಡ್‌ಗಾರ್ಡಿಗೆ ತಾಗುತ್ತೆ. ಗಾಡೀನೇ ಎರಡಿಂಚು ಎತ್ತಬೇಕಾಗುತ್ತೆ."

"ಎತ್ತು."

"ಎತ್ತಿದ್ರೆ ಮೊಟ್ಟೆ ಮಾರೋ ಗಾಡಿ ಥರ ಕಾಣುತ್ತೆ, ನೆಸ್ಟಾ!"

ಅವಳಿಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಎದುರಿಗೇ ಅಂಕಿ ಹೊಳೆಯುತ್ತಿದೆ, ಸಾಕ್ಷಿಗೆ ಗ್ವಿಲಿಂ ನಿಂತಿದ್ದಾನೆ. ಆದರೂ ಮಾತು ಬಂದು ನಿಲ್ಲುವುದು ಗಾಡಿ ಹೇಗೆ ಕಾಣುತ್ತದೆ ಎನ್ನುವಲ್ಲಿಗೆ! ಅವಳು ಹಿಂದಿನ ಬಾಗಿಲು ತೆರೆದಳು.

"ಮಾಬ್ಲಿ, ಓಷನ್, ಇಳೀರಿ. ನೀವು ಇದರಲ್ಲಿ ಬರಲ್ಲ."

"ನೆಸ್ಟಾ, ಮಕ್ಕಳ ಮುಂದೆ..."

"ಮಕ್ಕಳ ವಿಷಯಾನೇ ಇದು. ನಿನಗೆ ಬೇಕಾದ್ರೆ ಒಬ್ನೇ ಓಡಿಸ್ಕೊಂಡು ಬಾ. ಒಬ್ಬನ್ನ ಹೊರೋ ತಾಕತ್ತು ಆ ಟೈರಿಗೆ ಇದೆ."

ಅವನು ಗಾಡಿ ಎತ್ತಲಿಲ್ಲ. ಅವಳೂ ಸೋಲಲಿಲ್ಲ. ಮರುದಿನ ಮಧ್ಯಾಹ್ನ ಮಲಗುವ ಮಂಚ, ಒಲೆ, ಮೇಜು ಎಲ್ಲ ಇರುವ ವ್ಯಾನಿನಲ್ಲಿ ಎಮ್ಲಿನ್ ಒಬ್ಬನೇ ಮುಂದೆ ಹೋಗುತ್ತಿದ್ದ. ಹಿಂದೆ ನೆಸ್ಟಾಳ ಪುಟ್ಟ ಕಾರು, ಚಾವಣಿಯವರೆಗೂ ಸಾಮಾನು. ಮಾಬ್ಲಿಯ ತೊಡೆಯ ಮೇಲೆ ದಿಂಬುಗಳು, ಓಷನ್‌ನ ಕಾಲ ಬಳಿ ಡೇರೆಯ ಗಂಟು.

"ಅಜ್ಜೀ, ತಾತನ ವ್ಯಾನಲ್ಲಿ ಅಷ್ಟೊಂದು ಜಾಗ ಇದೆಯಲ್ಲ?" ಎಂದಳು ಮಾಬ್ಲಿ.

"ಇದೆ ಪುಟ್ಟಾ. ಜಾಗ ಮಾತ್ರ ಇದೆ."

ಎದುರಿನಿಂದ ಬಂದ ಇನ್ನೊಂದು ಹಳೆಯ ವ್ಯಾನು ಸಲಾಮಿಗೆಂದು ದೀಪ ಮಿನುಗಿಸಿತು. ಎಮ್ಲಿನ್ ಕಿಟಕಿಯಿಂದ ಕೈ ಚಾಚಿ ಠೀವಿಯಿಂದ ಬೀಸಿದ. ನೆಸ್ಟಾ ಗೇರು ಇಳಿಸಿ, ಹಲ್ಲು ಕಚ್ಚಿಕೊಂಡು, ಅವನ ಹಿಂದೆಯೇ ನಿಧಾನವಾಗಿ ಏರು ಹತ್ತಿದಳು.