ಹನ್ನೊಂದು ಸೆಕೆಂಡಿನ ತಮಟೆ

ಬೀದಿಯಲ್ಲಿ ಹುಟ್ಟಿದ ಸದ್ದಿಗೆ ಯಜಮಾನರಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ಹಾಗೆ ನಂಬುವುದು ಅನುಕೂಲವೂ ಆಗಿತ್ತು, ಏಕೆಂದರೆ ನನ್ನ ಹೊಟ್ಟೆ ತುಂಬುತ್ತಿದ್ದದ್ದೇ ಅದರಿಂದ.

ತಣಿಸಂದ್ರದ ಒಂದು ಕಟ್ಟಡದ ಎರಡನೇ ಮಹಡಿಯ ಮನೆಯಲ್ಲಿ ಕೂತು ಹಾಡುಗಳಿಗೆ ತಾಳ ಕಟ್ಟುವುದು ನನ್ನ ಕಸುಬು. ಎಲ್ಲಿಯದೋ ಸದ್ದು ಹಿಡಿಯುವುದು, ಬೇಕಾದಷ್ಟು ಕತ್ತರಿಸುವುದು, ಸುತ್ತಿ ಸುತ್ತಿ ಬರುವಂತೆ ಜೋಡಿಸಿ ಮಾರುವುದು. ಕಿಟಕಿಯಾಚೆ ಮೈಕ್ ನೇತುಬಿಟ್ಟು, ಪರದೆ ಎಳೆದು, ಹೆಡ್‌ಫೋನ್ ಹಾಕಿಕೊಂಡರೆ ಆಯಿತು. ಕಣ್ಣು ಬಿಟ್ಟರೆ ಕಿವಿ ಮಂದವಾಗುತ್ತದೆ ಎಂಬುದು ನನ್ನ ಸಿದ್ಧಾಂತ. ಅಮ್ಮಿ ತೀರಿಕೊಂಡು ಮೂರು ವರ್ಷವಾಗಿತ್ತು. ಆಮೇಲೆ ಆ ಮನೆಯ ಬಾಗಿಲಲ್ಲಿ ನಿಂತು "ರುಖ್ಸಾರ್" ಎಂದು ಕರೆದವರು ಕೊರಿಯರ್‌ನವರು ಮಾತ್ರ. ಅದು ಒಂಟಿತನ ಎಂದು ಒಪ್ಪಿಕೊಳ್ಳಲು ನನ್ನ ಜಂಬ ಬಿಡುತ್ತಿರಲಿಲ್ಲ. ಏಕಾಗ್ರತೆ ಎಂದುಕೊಳ್ಳುತ್ತಿದ್ದೆ.

ಜನವರಿಯ ಒಂದು ದಿನ, ಹನ್ನೊಂದು ಗಂಟೆಯ ಬಿಸಿಲಲ್ಲಿ, ಕೆಳಗಿನ ಬೀದಿಯಲ್ಲಿ ತಮಟೆ ಬಂತು. ನಾಲ್ಕೈದು ಜನರ ಮೇಳ, ಸಾಧಾರಣ ಕೈಗಳು, ನಡುನಡುವೆ ತಾಳ ತಪ್ಪುತ್ತಿತ್ತು. ನಮ್ಮ ಕಟ್ಟಡ ದಾಟಿದ ಮೇಲೆ ಎಲ್ಲ ನಿಂತವು. ನಾನು ಯಂತ್ರ ಆರಿಸಬೇಕು ಎನ್ನುವಷ್ಟರಲ್ಲಿ ಒಂದೇ ಒಂದು ತಮಟೆ ಶುರುವಾಯಿತು. ಅಬ್ಬಾ, ಅದೆಂಥ ಕೈ! ಚರ್ಮ ಸಡಿಲವಾಗಿ, ಹಸಿಹಸಿಯಾಗಿ, ಎದೆಯೊಳಗಿಂದ ಗುದ್ದಿದಂತೆ ಕೇಳುತ್ತಿತ್ತು. ಉಳಿದವರೆಲ್ಲ ನಿಂತು ಒಬ್ಬನೇ ಬಾರಿಸುವ ಇಂಥ ತುಣುಕಿಗೆ ನಮ್ಮ ಕಸುಬಿನಲ್ಲಿ ಬ್ರೇಕ್ ಎನ್ನುತ್ತೇವೆ. ಅದನ್ನು ಹುಡುಕಿಕೊಂಡು ನಾವು ಸಾವಿರ ಹಳೆಯ ಹಾಡು ಕೇಳುತ್ತೇವೆ. ನನಗೆ ಕೂತಲ್ಲಿಗೇ ಬಂದಿತ್ತು. ಹನ್ನೊಂದು ಸೆಕೆಂಡು, ಆಮೇಲೆ ಗದ್ದಲ. ಪರದೆ ಸರಿಸಿ ಒಮ್ಮೆ ಕೆಳಗೆ ನೋಡಿದ್ದರೆ ಮುಗಿದುಹೋಗುತ್ತಿತ್ತು. ನೋಡಲಿಲ್ಲ.

ಹಿಂದುಮುಂದಿನ ಗದ್ದಲವನ್ನು ಕಸವೆಂದು ಕತ್ತರಿಸಿದೆ, ತಾಳದ ವೇಗ ಹೆಚ್ಚಿಸಿದೆ, ಆರ್.ಟಿ. ನಗರದ ಒಂದು ಸಂಗೀತ ಕಂಪನಿಯ ನರೇಂದ್ರನಿಗೆ ಕೇಳಿಸಿದೆ.

"ಏನ್ ಸೌಂಡ್ ಗುರು ಇದು! ಎಲ್ಲಿ ಸಿಕ್ತು?"

"ಬೀದೀಲಿ."

"ಬೀದೀಲಿ ಸಿಕ್ಕಿದ್ದು ಸಿಕ್ಕಿದವ್ರದ್ದು. ಸೈನ್ ಮಾಡಿ."

ಈ ಧ್ವನಿ ನನ್ನದೇ ಎಂಬ ಕಾಗದಕ್ಕೆ ಸಹಿ ಹಾಕಿದೆ. ಶ್ರಾವಣದ ಹೊತ್ತಿಗೆ ಅದು ಮದುವೆ ಹಾಡಾಗಿ ಹೆಬ್ಬಾಳದಿಂದ ಯಲಹಂಕದವರೆಗೆ ಯಾವ ಕಲ್ಯಾಣ ಮಂಟಪಕ್ಕೆ ಹೋದರೂ ಕಿವಿಗೆ ಬೀಳುತ್ತಿತ್ತು. ಆಟೋದಲ್ಲಿ ಕೇಳಿದಾಗಲೆಲ್ಲ ಒಳಗೊಳಗೇ ಬೀಗುತ್ತಿದ್ದೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ.

ನಮ್ಮ ಕಟ್ಟಡದ ಮಾಲೀಕರಾದ ನಾಗಭೂಷಣರ ಮಗಳ ಮದುವೆ ಚಿಕ್ಕಜಾಲದಲ್ಲಿ. ಬೆಳಗ್ಗೆ ಗಂಡಿನ ಕಡೆಯವರನ್ನು ಎದುರುಗೊಳ್ಳಲು ತಮಟೆ ಮೇಳವೂ ಇತ್ತು, ಡೀಜೆ ಗಾಡಿಯೂ ಇತ್ತು. ನನ್ನ ಹಾಡು ಶುರುವಾದದ್ದೇ ತಡ, ಹುಡುಗ ಹುಡುಗಿಯರು ಮೈಮೇಲೆ ದೇವರು ಬಂದವರಂತೆ ಕುಣಿದರು. ಮೇಳದ ಮುದುಕರೊಬ್ಬರು ಮಾತ್ರ ತಮಟೆ ಕೆಳಗಿಟ್ಟು ಅಡುಗೆಮನೆಯ ಹಿಂದಕ್ಕೆ ಹೊರಟರು. ಕೊನೆಗೂ ನನ್ನ ಕೆಲಸದ ಬೆಲೆ ಗೊತ್ತಿರುವ ಒಬ್ಬರು ಸಿಕ್ಕಿದರೆಂದು ನಾನು ಹಿಂದೆಯೇ ಹೋದೆ.

"ಯಜಮಾನ್ರೇ, ಈ ಹಾಡಿನ ತಮಟೆ ಚೆನ್ನಾಗಿದೆ ಅಲ್ವಾ? ನಾನೇ ಮಾಡಿದ್ದು."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀನಾ? ನೀನ್ಯಾವಾಗ್ ಒಡ್ದೆ? ಅದು ನನ್ ಕೈ ಕಣಮ್ಮ."

ನಾನು ನಕ್ಕೆ. "ಎಲ್ಲಾ ತಮಟೆನೂ ಒಂದೇ ಥರ ಕೇಳ್ಸುತ್ತೆ."

"ಚರ್ಮ ಕಾಯ್ಸಿಲ್ಲ, ನಿಂಗ್ ಕೇಳುಸ್ತಿಲ್ವಾ? ಬೆಂಕಿಗ್ ಇಡ್ದು ಕಾಯ್ಸದೆ ಯಾರಾನ ತಮಟೆ ಒಡೀತಾರಾ? ಆವತ್ತೊಂದ್ ದಿನ ಒಡ್ದೆ. ನಮ್ ಮರಿಯಮ್ಮನ್ನ ಎತ್ಕಂಡ್ ಓಗ್ತಿದ್ವಿ."

ನನ್ನ ನಗು ಬಾಯಲ್ಲೇ ಉಳಿಯಿತು.

ಅವರ ಹೆಸರು ಪಿಳ್ಳಪ್ಪ. ಮರಿಯಮ್ಮ ಅವರ ಹೆಂಡತಿ, ಜನವರಿಯಲ್ಲಿ ತೀರಿಕೊಂಡವರು. ಮನೆ ತಣಿಸಂದ್ರದ ಹಳೇ ಊರಿನಲ್ಲಿ, ನನ್ನ ಕಟ್ಟಡದಿಂದ ಎರಡೇ ಬೀದಿ ಆಚೆ. ಮೂವತ್ತೆಂಟು ವರ್ಷ ಊರಿನವರ ಸಾವಿಗೆಲ್ಲ ಬಾರಿಸಿದ ಕೈ. ಆದರೆ ಸ್ವಂತ ಮನೆಯ ಸಾವಿಗೆ ಬಾರಿಸುವ ಹಾಗಿಲ್ಲ. ಮನೆಯವನು ಬೆಂಕಿ ಮಡಕೆ ಹಿಡಿದು ಮುಂದೆ ನಡೆಯಬೇಕು. ಅರ್ಧ ದಾರಿಯಲ್ಲಿ ಚಟ್ಟ ಇಳಿಸಿ ತಿರುಗಿಸುವಾಗ ತಮಟೆಗಳೂ ನಿಲ್ಲಬೇಕು.

"ಬ್ಯಾರೆಯೋರು ಅವಳ್ಗೆ ತಾಳ ತಪ್ಸಿ ಒಡೀತಿದ್ರು. ತಡ್ಕಳಕ್ಕಾಗ್ಲಿಲ್ಲ. ಇಳ್ಸಿದ್ ತಕ್ಷಣ ಮಡಕೆ ಬಾಮೈದುನ್ ಕೈಗ್ ಕೊಟ್ಟು, ಒಬ್ಬುನ್ ತಮಟೆ ಕಿತ್ಕಂಡು ಒಡ್ದೆ. ಆರೋಗಿತ್ತು ಚರ್ಮ. ಊರೋರೆಲ್ಲ ಬೈದ್ರು."

ಮಂಟಪದ ಮುಂದೆ ಹಾಡು ಎರಡನೇ ಸಲ ಶುರುವಾಯಿತು. ಅವರು ಗೋಡೆ ಹಿಡಿದುಕೊಂಡರು.

"ಓದ್ ಮದ್ವೇಲೆಲ್ಲಾ ಆಕ್ತಾರೆ. ಅವ್ರು ಕುಣೀತಿದ್ರೆ ನಾನ್ ನಿಂತ್ಕಂಡ್ ಕೇಳ್ಬೇಕು. ನಿಲ್ಸಮ್ಮ ಅದ್ನ."

"ನಿಲ್ಲಿಸ್ತೀನಿ. ನಿಮ್ಮ ಹೆಸರೂ ಹಾಕಿಸ್ತೀನಿ" ಎಂದೆ, ದಡ್ಡಿ.

"ಎಂಡ್ತಿ ಸತ್ತಿದ್ದುಕ್ಕೆ ಎಸ್ರಾ?" ಎಂದರು.

ಮಾರನೆಯ ದಿನವೇ ನರೇಂದ್ರನ ಮುಂದೆ ಕೂತೆ. ಒಂದು ತಿಂಗಳು ಅಲೆದೆ. ಬೇಡಿದೆ, ಜಗಳವಾಡಿದೆ, ಬೇರೆ ತಮಟೆ ಹಾಕಿ ಹೊಸದಾಗಿ ಮಾಡಿಕೊಡುತ್ತೇನೆ ಎಂದೆ.

"ಮೇಡಂ, ಬೀದೀದು ಅಂತ ಹೇಳಿದ್ದು ನೀವು. ನಂದೇ ಅಂತ ಸೈನ್ ಹಾಕಿದ್ದೂ ನೀವು" ಎಂದ ನರೇಂದ್ರ. ಅವನ ದನಿಯಲ್ಲಿ ಕೆಟ್ಟತನ ಇರಲಿಲ್ಲ. "ನಾನು ತೆಗೀತೀನಿ ಅಂತಾನೇ ಇಟ್ಕೊಳ್ಳಿ. ಆ ತಮಟೆ ಕತ್ತರ್ಸ್ಕೊಂಡು ಜನ ಇನ್ನೂ ಐವತ್ತು ಹಾಡು ಮಾಡಿದ್ದಾರೆ. ಯಾವ್ದಂತ ನಿಲ್ಲಿಸ್ತೀರಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಸದ್ದು ಮಾರಿದರೂ ಅಷ್ಟೇ ಎಂದು ನನಗೆ ಆವತ್ತು ಗೊತ್ತಾಯಿತು.

ಒಂದು ಭಾನುವಾರ ಮಧ್ಯಾಹ್ನ ಪಿಳ್ಳಪ್ಪನವರ ಮನೆಗೆ ನಡೆದೇ ಹೋದೆ. ನಾಲ್ಕು ನಿಮಿಷದ ದಾರಿ. ಆರು ವರ್ಷದಿಂದ ಆ ಊರಿನ ಸದ್ದು ತಿಂದು ಬದುಕುತ್ತಿದ್ದವಳು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಅವರೊಬ್ಬರೇ ಇದ್ದರು. ಟೀ ಕಾಯಿಸಿ ಕೊಟ್ಟರು. ಹಾಡು ನಿಲ್ಲಿಸಲು ಆಗಲಿಲ್ಲ ಎಂದು ಹೇಳಿದೆ. ಹೇಳುವಾಗ ಅವರ ಮುಖ ನೋಡಲು ನನಗೆ ನಾಚಿಕೆಯಾಯಿತು.

ಬರಿಗೈಯಲ್ಲಿ ಹೋಗಬಾರದೆಂದು ಮೂಲ ರೆಕಾರ್ಡಿಂಗನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಕತ್ತರಿಸದ ಇಡೀ ರೆಕಾರ್ಡಿಂಗ್. ಅದು ಅವರದು, ಅವರಿಗೇ ಸೇರಲಿ ಎಂದು ನನ್ನ ಲೆಕ್ಕ. ಹೆಡ್‌ಫೋನನ್ನು ಅವರ ಕಿವಿಗೆ ನಾನೇ ಇಟ್ಟೆ. ಹನ್ನೊಂದು ಸೆಕೆಂಡಿನ ಆಚೆ ನಾನು ಕಸವೆಂದು ಎಸೆದಿದ್ದ ಭಾಗದಲ್ಲಿ ಏನಿದೆಯೆಂದು ನನಗೆ ಅಷ್ಟರಲ್ಲಿ ಬಾಯಿಪಾಠವಾಗಿತ್ತು. "ಬುಡೋ ಪಿಳ್ಳಣ್ಣ, ಸಾಕು ಬುಡೋ" ಎಂದು ಯಾರೋ ತಮಟೆ ಕಿತ್ತುಕೊಳ್ಳುತ್ತಾರೆ. ಆಮೇಲೆ ಅವರದೇ ದನಿ, ಏದುಸಿರಿನಲ್ಲಿ, ಚಟ್ಟದ ಹತ್ತಿರ ಬಗ್ಗಿ ಕೇಳಿದಂತೆ: "ಈಗ್ ತಾಳ ಸರಿಗೈತೇನೇ?"

ಅವರು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಇದ್ನೂ ಆಕಿದ್ಯಾ ಆಡ್ಗೆ?"

"ಇಲ್ಲ. ಇದು ನನ್ನ ಹತ್ರ ಮಾತ್ರ ಇದೆ. ನಿಮ್ಮ ಫೋನಿಗೆ ಹಾಕಿಕೊಡ್ತೀನಿ."

"ಬ್ಯಾಡ. ಅದು ನಾನ್ ಅವಳ್ನ ಕೇಳಿದ್ದು. ನಾನೂ ಇನ್ನೊಂದ್ಸಲ ಕೇಳ್ಬಾರ್ದು. ಅಳುಸ್ಬುಡು."

ಅವರ ಎದುರಿಗೇ ಅಳಿಸಿದೆ. ಮನೆಯಲ್ಲಿ ಉಳಿದಿದ್ದ ಪ್ರತಿಯನ್ನೂ ಅಳಿಸುತ್ತೇನೆಂದು ಅಮ್ಮಿಯ ಮೇಲೆ ಆಣೆ ಹಾಕಿದೆ. ನನ್ನಿಂದ ನಿಲ್ಲಿಸಲು ಆದದ್ದು ಅದೊಂದೇ, ಅದೂ ಅವರ ಪಾಲಿಗೆ ಉಳಿದಿದ್ದದ್ದು. ನನಗೆ ಅಳು ಬಂತು. ಅವರು ಅಳಲಿಲ್ಲ.

"ಇನ್ಮೇಲೆ ಮದ್ವೆಗೆ ಓಗಲ್ಲ ಬುಡಮ್ಮ" ಎಂದರು. "ಸಾವಿಗಷ್ಟೇ ಓಗ್ತೀನಿ. ಅಲ್ಲಿ ನಿನ್ ಆಡು ಆಕಲ್ಲ."

ನಾನು ಎದ್ದು ಚಪ್ಪಲಿ ಮೆಟ್ಟುತ್ತಿದ್ದಾಗ ಬಾಗಿಲಿಗೆ ಬಂದು ಕೇಳಿದರು.

"ನಿಮ್ಮೋರಲ್ಲಿ ಯಾರಾನ ತೀರೋದ್ರೆ ತಮಟೆ ಇರಲ್ಲ, ಅಲ್ವಾ?"

"ಇರಲ್ಲ. ಸದ್ದಿಲ್ದೆ ಎತ್ಕೊಂಡು ಹೋಗ್ತಾರೆ."

"ಒಳ್ಳೇದು" ಎಂದರು. "ಯಾರೂ ಕದಿಯಕ್ಕಾಗಲ್ಲ."