ಮದರಮ್ಮನ ಪಾಟಿ

ನಾನೊಂದು ಕಲ್ಲಿನ ಪಾಟಿ. ಭೂಮಿತಾಯಿಯ ಹೊಟ್ಟೆಯಲ್ಲಿ ಎಷ್ಟು ಕಾಲ ಮಲಗಿದ್ದೆನೋ, ದೇವರೇ ಬಲ್ಲ. ಎಬ್ಬಿಸಿ, ಸೀಳಿ, ಉಜ್ಜಿ, ಕಟ್ಟಿಗೆಯ ಚೌಕಟ್ಟು ತೊಡಿಸಿ ಗದಗಿನ ಸಂತೆಗೆ ತಂದರು. ಕೊಂಡವರು ಸ್ಪೇನ್ ದೇಶದಿಂದ ಬಂದ ಹರೆಯದ ಸನ್ಯಾಸಿನಿ, ಮದರ್ ಪಿಲಾರ್; ಊರವರ ಬಾಯಲ್ಲಿ ಮದರಮ್ಮ. ನನ್ನ ಮೇಲೆಯೇ ಅ ಆ ತಿದ್ದಿ, ದವಾಖಾನೆಗೆ ಬಂದವರ ನೋವನ್ನು ಅವರದೇ ಮಾತಿನಲ್ಲಿ ಕೇಳಿದರು. ಆಮೇಲೆ ನಾನು ಕಾನ್ವೆಂಟಿನ ಮಕ್ಕಳ ಕೈಗೆ ಬಿದ್ದು, ಉಗುಳಿನಿಂದ ಒರೆಸಿಕೊಂಡು, ಮೂಲೆ ಮುರಿದುಕೊಂಡು ಅಟ್ಟ ಸೇರಿದೆ.

ಮುಪ್ಪಿನಲ್ಲಿ ಮದರಮ್ಮನಿಗೆ ಲಕ್ವಾ ಹೊಡೆಯಿತು. ಕಲಿತ ಕನ್ನಡವೆಲ್ಲ ಅಳಿಸಿಹೋಗಿ ತಾಯಿ ಕಲಿಸಿದ ಮಾತಷ್ಟೇ ಉಳಿಯಿತು. "ಆಲ್ಗಿಯೆನ್?" ಎಂದು ಕಣ್ಣು ಮುಚ್ಚಿಯೇ ಕರೆಯುತ್ತಿದ್ದರು. ಆರೈಕೆಯ ಸಿಸ್ಟರ್ ಸೆಲೆಸ್ತಿನಾ ನನ್ನನ್ನು ಅಟ್ಟದಿಂದ ಇಳಿಸಿ ಬರೆದರು: ಆಲ್ಗಿಯೆನ್ ಎಂದರೆ ಯಾರಾದರೂ, ನಾದಿಯೆ ಎಂದರೆ ಯಾರೂ ಇಲ್ಲ, ಆಲ್ಗೊ ಎಂದರೆ ಏನಾದರೂ, ನಾದಾ ಎಂದರೆ ಏನೂ ಇಲ್ಲ.

"ಮದರಮ್ಮಗ ಈಗ ಯಾರ ಹೆಸರೂ ನೆನಪಿಲ್ಲ, ಗಂಗವ್ವ. ಹೆಸರಿಲ್ಲದ ಇವಿಷ್ಟ ಮಾತು ಉಳದಾವ. ನೀನೂ ಕಲಿ."

ಓದು ಬಾರದ ಅಡುಗೆಯ ಗಂಗವ್ವ ರೊಟ್ಟಿ ಬಡಿಯುತ್ತ ಬಾಯಿಪಾಠ ಮಾಡಿದಳು. "ಹಲ್ಲು ಬಿದ್ದ ಮ್ಯಾಲೆ ಸಾಲಿಗೆ ಹಾಕಿದ್ರಿ ನನ್ನ."

ಒಂದು ಮಧ್ಯಾಹ್ನ ಸಿಸ್ಟರ್ ಪ್ರಾರ್ಥನೆಗೆ ಹೋಗಿದ್ದರು. ಗಂಗವ್ವ ಗಂಜಿ ಹಿಡಿದು ಬಾಗಿಲಿಗೆ ಬಂದಳು.

"ಆಲ್ಗಿಯೆನ್?"

ಈ ಸೀಮೆಯಲ್ಲಿ ಒಳಗಿನಿಂದ 'ಯಾರದು?' ಎಂದರೆ, 'ಯಾರಿಲ್ರಿ, ನಾನ' ಎನ್ನುವುದು ವಾಡಿಕೆ. ತನ್ನನ್ನು ತಾನು ದೊಡ್ಡದು ಮಾಡಿಕೊಳ್ಳಬಾರದೆಂಬ ನಯ. ಅದೇ ನಯದಿಂದ ಗಂಗವ್ವ ಮೆಲ್ಲಗೆ "ನಾದಿಯೆ" ಎಂದಳು.

ಮದರಮ್ಮ ಗೋಡೆಯ ಕಡೆ ಮುಖ ತಿರುಗಿಸಿದರು. ಗಂಜಿ ತಣ್ಣಗಾಯಿತು. ಆಮೇಲೆ ಅವರು ಯಾರನ್ನೂ ಕರೆಯಲಿಲ್ಲ, ತುತ್ತಿಗೂ ಬಾಯಿ ತೆರೆಯಲಿಲ್ಲ.

ಸಿಸ್ಟರ್ ಬಿಡಿಸಿ ಹೇಳಿದಾಗ ಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಯಾರೂ ಇಲ್ಲ ಅಂದ್ನೇನ್ರಿ ನಾನು, ಹೋಗೋ ಜೀವಕ್ಕ?" ಬರೆದದ್ದರಲ್ಲಿ ಆ ಮಾತು ಯಾವುದೆಂದು ಕೇಳಿ, ತೊಯ್ದ ಸೆರಗಿನಿಂದಲೇ ನನ್ನ ಮೇಲಿಂದ ಒರೆಸಿದಳು. ಅಂದಿನಿಂದ ಒಲೆ ಬಿಟ್ಟು ಹಾಸಿಗೆಯ ಬದಿಗೆ ಕೂತಳು. ಆ ಒಣಗಿದ ಕೈ ಹಿಡಿದು "ಆಲ್ಗಿಯೆನ್, ಅವ್ವಾರ, ಆಲ್ಗಿಯೆನ್" ಎನ್ನುತ್ತಲೇ ಇದ್ದಳು, ಮದರಮ್ಮನ ಉಸಿರು ನಿಲ್ಲುವ ತನಕ. ಕೇಳಿಸಿತೋ ಇಲ್ಲವೋ, ಆ ಕರುಣಾಳು ಬಲ್ಲ.

ಈಗ ನಾನು ಉಗ್ರಾಣದಲ್ಲಿ, ಜೋಳದ ಚೀಲಗಳ ಹಿಂದೆ. ಬರೆದ ಮಾತುಗಳೆಲ್ಲ ತಾವಾಗಿ ಮಾಸಿವೆ. ಒರೆಸಿದ ಗುರುತು ಮಾತ್ರ ಬೆಳ್ಳಗೆ ನಿಂತಿದೆ. ಗಂಗವ್ವ ಕಾಳು ತೆಗೆಯಲು ಬಂದಾಗ ಹೊರಗಿನಿಂದ ಯಾರೋ "ಒಳಗ್ಯಾರು?" ಎನ್ನುತ್ತಾರೆ. ಅವಳೀಗ 'ಯಾರಿಲ್ರಿ' ಎನ್ನುವುದಿಲ್ಲ.

"ನಾ ಇಲ್ಲೇ ಅದೀನ್ರಿ," ಎನ್ನುತ್ತಾಳೆ. ಕೇಳಿದವರು ಹೊರಟುಹೋದ ಮೇಲೂ ಇನ್ನೊಮ್ಮೆ, ಗೋಡೆಯ ಕಡೆ ತಿರುಗಿ, "ಅದೀನ್ರಿ."