ಅಕ್ಕನ ಕಾರ್ಡು

ಇಸ್ತ್ರಿ ಪೆಟ್ಟಿಗೆ ಒತ್ತಿ ಒತ್ತಿ ಅಕ್ಕನ ಬಲಗೈ ಮಣಿಕಟ್ಟು ಹಿಡಿದುಕೊಂಡಿತ್ತು. ಪರದೇಶದ ಹೋಟೆಲಿನ ಲಾಂಡ್ರಿಯಲ್ಲಿ ದಿನಕ್ಕೆ ಇನ್ನೂರು ಬೆಡ್‌ಶೀಟು ಇಸ್ತ್ರಿ ಮಾಡುವವಳಿಗೆ ಕೈಯೇ ಬಂಡವಾಳ. ಹಾಗಾಗಿ ಬೆಳಿಗ್ಗೆಯೇ ಸರ್ಕಾರಿ ಆಸ್ಪತ್ರೆಗೆ ಬಂದು, ಚೀಟಿ ಪಡೆದು ಕೂತಳು. ಆ ದೇಶದ ನಿವಾಸಿ ಎಂಬ ಕಾರ್ಡು ಇದ್ದವರಿಗೆ ಅಲ್ಲಿ ಎಲ್ಲವೂ ಉಚಿತ. ಕಾಯುವುದಂತೂ ಧಾರಾಳವಾಗಿ ಉಚಿತ. ಎರಡೂವರೆ ಗಂಟೆಯಲ್ಲಿ ಅಕ್ಕ, ಗೋಡೆಗೆ ಅಂಟಿಸಿದ್ದ ಹಲ್ಲುಜ್ಜುವ ವಿಧಾನವನ್ನು ಬಾಯಿಪಾಠ ಮಾಡಿ ಮುಗಿಸಿದ್ದಳು.

ಒಳಗೆ ಡಾಕ್ಟರಮ್ಮ ಕಂಪ್ಯೂಟರ್ ನೋಡಿದವಳೇ ಎದ್ದು ಹೋಗಿ ಬಾಗಿಲು ಹಾಕಿದಳು. ಮಣಿಕಟ್ಟು ನೋವಿಗೆ ಬಾಗಿಲೇಕೆ ಹಾಕಬೇಕು ಎಂದು ಅಕ್ಕನಿಗೆ ತಿಳಿಯಲಿಲ್ಲ.

“ರಿಪೋರ್ಟ್ ಬಂದು ನಾಲ್ಕು ತಿಂಗಳಾಯ್ತು. ಎರಡು ಸಲ ಪತ್ರ ಬರೆದ್ವಿ. ಯಾಕೆ ಬರ್ಲಿಲ್ಲ ನೀವು?”

“ಯಾವ ಪತ್ರ?” ಎಂದಳು ಅಕ್ಕ. ಸರ್ಕಾರದ ಲಕೋಟೆಯನ್ನು ಒಡೆಯದೆ ಮೇಜಿನ ಖಾನೆಗೆ ತುರುಕುವುದು ಅವಳ ಹಳೇ ಚಾಳಿ. ಒಡೆದರೆ ತಾನೇ ತಲೆನೋವು ಎಂಬುದು ಅವಳ ಸಿದ್ಧಾಂತ.

“ಧೈರ್ಯ ತಗೊಳ್ಳಿ. ನಿಮಗೆ ಕ್ಯಾನ್ಸರ್ ಇದೆ.”

ಅಕ್ಕನಿಗೆ ಕೂತಲ್ಲೇ ಕೂತಿದ್ದರೂ ಎಲ್ಲಿಗೋ ಬೀಳುತ್ತಿದ್ದೇನೆ ಅನ್ನಿಸಿತು. ಐವತ್ತೆರಡು ವರ್ಷದಲ್ಲಿ ಒಂದು ದಿನವೂ ಹಾಸಿಗೆ ಹಿಡಿದವಳಲ್ಲ! ಅಮ್ಮ ಹೋದ ಮೇಲೆ ತಂಗಿಯನ್ನು ಎತ್ತಿ ಆಡಿಸಿದವಳು ಅವಳೇ. ನಾನು ಹೋದರೆ ತಂಗಿಗೆ ಇನ್ಯಾರು ಎಂದು ಎದೆ ಹಿಂಡಿತು.

“ಹೋದ ಸಲ ಬಾಯಿಂದ ಕೊಳವೆ ಇಳಿಸಿ ನೋಡಿದ್ರಲ್ಲ, ಆಗ ಹೊಟ್ಟೆಯಿಂದ ತೆಗೆದ ಚೂರಲ್ಲಿ ಸಿಕ್ತು” ಎಂದಳು ಡಾಕ್ಟರಮ್ಮ.

ಕೊಳವೆ! ಅಕ್ಕ ಜನ್ಮದಲ್ಲಿ ಕೊಳವೆ ನುಂಗಿದವಳಲ್ಲ. ಹಾಗಾದರೆ ನಾನಲ್ಲ! ಹೋದ ಜೀವ ಬಂದಂತಾಯಿತು. ಹೇಳಲು ನಾಚಿಕೆಯಾಗುತ್ತದೆ, ಅವಳು ನಕ್ಕೇಬಿಟ್ಟಳು. ನಗು ಅರ್ಧಕ್ಕೇ ನಿಂತಿತು. ಕೊಳವೆ ನುಂಗಿದ್ದವಳು ತಂಗಿ.

ಆರು ತಿಂಗಳ ಹಿಂದೆ, ಮೂರು ತಿಂಗಳು ಇದ್ದು ಹೋಗುತ್ತೇನೆಂದು ಊರಿನಿಂದ ಬಂದಿದ್ದಳು ತಂಗಿ. ಬಂದ ಹೊಸದರಲ್ಲೇ ಹೊಟ್ಟೆನೋವು. ನೋಡಿ ಹೋಗಲು ಬಂದವರಿಗೆ ಆಸ್ಪತ್ರೆ ಉಚಿತವಲ್ಲ. ಕಾರ್ಡಿನಲ್ಲಿ ಫೋಟೋ ಇಲ್ಲ, ಅಕ್ಕತಂಗಿಯರದು ಒಂದೇ ಅಚ್ಚಿನ ಮುಖ. “ತಗೊಂಡೋಗೇ, ಯಾರು ಕೇಳ್ತಾರೆ?” ಎಂದು ಅಕ್ಕನೇ ಕಾರ್ಡನ್ನು ಅವಳ ಕೈಗೆ ತುರುಕಿದ್ದಳು. ಅಲ್ಲಿನ ಭಾಷೆ ಅರ್ಧಂಬರ್ಧ ತಿಳಿಯುವ ತಂಗಿ ಸಂಜೆ ಬಂದು, “ಕೊಳವೆ ಇಳಿಸಿ ನೋಡಿದ್ರು, ಬರೀ ಗ್ಯಾಸಂತೆ, ಮಾತ್ರೆ ಕೊಟ್ರು” ಎಂದಿದ್ದಳು. ಆಮೇಲೆ ಮೂರು ತಿಂಗಳು ಮುಗಿದರೂ ಹೊರಡದೆ, ಕಾಗದಪತ್ರ ಮಾಡಿಸಿಕೊಂಡು ಉಳಿದೇಬಿಟ್ಟಳು. ಯಾಕೆ ಎಂದರೆ “ಸುಮ್ನೆ” ಎನ್ನುವಳು.

ನಿಜ ಹೇಳಿದರೆ ಕಾರ್ಡು ಹೋಗುತ್ತದೆ, ಅದರ ಹಿಂದೆಯೇ ಕೆಲಸ, ಕೆಲಸದ ಹಿಂದೆ ಈ ದೇಶದ ವಾಸ. ಅಕ್ಕನಿಗೆ ಇದೆಲ್ಲ ಹೊಳೆಯುವಷ್ಟರಲ್ಲಿ ಬಾಯಿ ಆಡಿಯಾಗಿತ್ತು. “ಅದು ನಾನಲ್ಲ ಡಾಕ್ಟ್ರೇ. ನನ್ನ ತಂಗಿ. ಕಾರ್ಡು ನಾನೇ ಕೊಟ್ಟಿದ್ದು.”

ಡಾಕ್ಟರಮ್ಮ ಅವಳನ್ನೇ ಪಿಳಿಪಿಳಿ ನೋಡಿದಳು. “ಕಾರ್ಡಿನ ವಿಷ್ಯ ನಾನು ಮೇಲಿನವ್ರಿಗೆ ಹೇಳ್ಲೇಬೇಕು. ಅದು ಆಮೇಲೆ. ಮೊದ್ಲು ಅವ್ರನ್ನ ಕರೆಸಿ. ಇವತ್ತೇ. ಈಗಾಗ್ಲೇ ತಡ ಆಗಿದೆ.”

ಅಕ್ಕ ಅಲ್ಲೇ ಫೋನು ಮಾಡಿದಳು. ತಂಗಿ ತಕ್ಷಣ ಎತ್ತಿಕೊಂಡಳು.

“ಈಗ್ಲೇ ಆಸ್ಪತ್ರೆಗೆ ಬಾ. ಒಂದು ವಿಷ್ಯ ಹೇಳ್ಬೇಕು. ಪತ್ರ ಬಂದಿತ್ತಂತೆ, ಅದ್ರಲ್ಲಿ…” ಎಂದಳು ಅಕ್ಕ.

ಆ ಕಡೆ ಅಳು ಒಡೆಯಿತು. “ಕೊನೆಗೂ ಬಾಯಿಬಿಟ್ಯಲ್ಲ ಅಕ್ಕಾ! ನಂಗೆ ಗೊತ್ತು ಕಣೆ. ಮೊದಲ್ನೇ ಪತ್ರ ಬಂದಾಗ್ಲೇ ಒಡೆದು, ಕೆಳಗಿನ ಮನೆಯವ್ರ ಹತ್ರ ಓದ್ಸಿದ್ದೆ. ರಿಪೋರ್ಟು ಚೆನ್ನಾಗಿಲ್ಲ, ತಕ್ಷಣ ಬನ್ನಿ ಅಂತ ನಿನ್ನ ಹೆಸರಿಗೆ ಬರೆದಿತ್ತು. ನಂದು ಹೇಗೂ ಬರೀ ಗ್ಯಾಸು ಅಂದಿದ್ರು. ಲಾಂಡ್ರಿಯವ್ರು ನಿಂಗೆ ರಕ್ತ ಪರೀಕ್ಷೆ ಮಾಡ್ಸಿದ್ರಲ್ಲ, ಅದ್ರದ್ದೇ ಅಂತ ಎದೆ ಧಸಕ್ಕಂತು. ಮತ್ತೆ ಅಂಟಿಸಿ ಮೇಜಿನ ಮೇಲಿಟ್ಟೆ. ನೀನು ಖಾನೆಗೆ ಹಾಕ್ಬಿಟ್ಟು ಸುಮ್ನಾದೆ. ನಂಗೆ ಗೊತ್ತಾಗ್ಬಾರ್ದು ಅಂತ ಗುಟ್ಟಾಗಿ ಔಷಧಿ ಮಾಡಿಸ್ಕೊತಿದ್ದೀಯ ಅಂದ್ಕೊಂಡೆ. ಕೇಳೋಕೆ ಧೈರ್ಯ ಬರ್ಲಿಲ್ಲ. ಬಿಟ್ಟು ಹೋಗೋಕಂತೂ ಮನಸ್ಸೇ ಆಗ್ಲಿಲ್ಲ.”

ಅಕ್ಕ ಫೋನನ್ನು ಕಿವಿಗೆ ಒತ್ತಿಕೊಂಡೇ ಡಾಕ್ಟರಮ್ಮನ ಕಡೆ ನೋಡಿದಳು.

“ಹೆದರ್ಬೇಡ, ನಾನಿದ್ದೀನಿ. ಎಷ್ಟು ದಿನ ಆದ್ರೂ ಸರಿ, ನಿನ್ನ ಹಾಸಿಗೆ ಪಕ್ಕದಿಂದ ನಾನು ಏಳಲ್ಲ. ಎಲ್ಲಿದ್ದೀಯ ಹೇಳು, ಓಡಿ ಬರ್ತೀನಿ” ಎನ್ನುತ್ತಿದ್ದಳು ತಂಗಿ.

ಎರಡನೇ ಮಹಡಿ, ಏಳನೇ ಕೋಣೆ ಎಂದಷ್ಟೇ ಹೇಳಲು ಅಕ್ಕನಿಗೆ ಸಾಧ್ಯವಾಯಿತು.